ಹೊಲವೇ ವಿಶ್ವವಿದ್ಯಾಲಯವಾದಾಗ

ಚಿಕ್ಕೋಡಿ, ರಾಯಬಾಗ, ಅಥಣಿ ಭಾಗದ ಒಕ್ಕಲು ಮನೆಗಳಲ್ಲಿ ಮಗ ಅಥವಾ ಮಗಳು ಹತ್ತನೆಯ ಇಯತ್ತೆ ದಾಟಿದರೆಂದರೆ ಒಂದು ಮಾತು ತಪ್ಪದೆ ಕೇಳಿಬರುತ್ತದೆ. "ನಮ್ಹಂಗ ನೀ ಮಣ್ಣಾಗ ಕೈ ಹಾಕಬ್ಯಾಡಪಾ, ಚಂದಂಗ ಸಾಲಿ ಕಲಿ." ಈ ಮಾತಿನಲ್ಲಿ ಪ್ರೀತಿಯೂ ಇದೆ, ದಣಿವೂ ಇದೆ. ಮಳೆ, ಬೆಲೆ, ಸಾಲ ಈ ಮೂರರ ನಡುವೆ ನುಗ್ಗಾದ ತಂದೆ ತನ್ನ ಮಕ್ಕಳಿಗೆ ಆ ಬಾಳು ಬೇಡವೆಂದರೆ ಅವನನ್ನು ಯಾರೂ ತಪ್ಪುಗಾರನೆನ್ನಲಾರರು. ಆದರೆ ಆ ಮಾತಿನ ಒಳಗೆ ಇನ್ನೊಂದು ನಂಬಿಕೆಯೂ ಅಡಗಿ ಕುಳಿತಿದೆ. ಹೊಲ ಬೇರೆ, ಸಾಲಿ ಬೇರೆ. ಒಂದನ್ನು ಬಿಟ್ಟರೆ ಮಾತ್ರ ಇನ್ನೊಂದು ದಕ್ಕುತ್ತದೆ ಎಂಬುದೇ ಆ ನಂಬಿಕೆ.

ಊರುಗಳ ಅಂಚಿನಲ್ಲಿ ನಡೆಯುವುದನ್ನು ನೋಡಿದರೆ ಅದು ನಿಜವೆಂದೇ ತೋರುತ್ತದೆ. ಇಂದು ಜೋಳದ ತೆನೆ ತೂಗುತ್ತಿದ್ದ ಹೊಲ ನಾಳೆ 'ಎನ್‌.ಎ.' ಆಗುತ್ತದೆ. ನಾಡದು ಅದರ ಸುತ್ತ ತಂತಿ ಬೇಲಿ, ಆಮೇಲೆ ನಾಲ್ಕು ಅಂತಸ್ತಿನ ಕಟ್ಟಡ, ಅದರ ಮೇಲೊಂದು ಕಾಲೇಜಿನ ಫಲಕ. ಹೊಲ ಸತ್ತು ಕಾಲೇಜು ಹುಟ್ಟಿತು ಎಂದೇ ಲೆಕ್ಕ. ಈ ಲೆಕ್ಕವನ್ನು ಸುಳ್ಳು ಮಾಡಿದ ಒಂದು ಜಾಗ ಇವರದೇ ಹೆದ್ದಾರಿಯ ಮೇಲಿದೆ. ನಿಪ್ಪಾಣಿಯನ್ನು ಹಾಯ್ದು ಬರುವ ಪುಣೆ-ಬೆಂಗಳೂರು ರಸ್ತೆ ಸಂಕೇಶ್ವರ, ಬೆಳಗಾವಿ, ಕಿತ್ತೂರು ಕಳೆದು ಧಾರವಾಡ ಮುಟ್ಟುತ್ತದೆ. ನಿಪ್ಪಾಣಿಯಿಂದ ಸುಮಾರು 150 ಕಿಲೋಮೀಟರ್ ಹಾದಿ. ಧಾರವಾಡದ ಪಕ್ಕದ ಎತ್ತಿನಗುಡ್ಡದ ಎರೆಭೂಮಿಯಲ್ಲಿ ಕೃಷಿ ವಿಶ್ವವಿದ್ಯಾಲಯವಿದೆ. ಹೆಸರಿನಲ್ಲಿಯೇ ಎತ್ತನ್ನು ಇಟ್ಟುಕೊಂಡ ಊರಿನ ಮಗ್ಗುಲಿಗೆ ಇಂಥ ವಿದ್ಯಾಪೀಠ ಬಂದು ನೆಲೆಸಿದ್ದು ಎಷ್ಟೊಂದು ಒಪ್ಪುವ ಮಾತು! ಇಲ್ಲಿ ಹೊಲ ವಿಶ್ವವಿದ್ಯಾಲಯವಾಯಿತು. ಆದರೂ ಹೊಲವಾಗಿಯೇ ಉಳಿಯಿತು.

ಹತ್ತಿ ಕಲಿಸಿದ ಮೊದಲ ಪಾಠ

ಈ ಕಥೆಯ ಬೇರು ಹತ್ತಿಯಲ್ಲಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಘಟ್ಟ ಇಳಿದು ಕುಮಟಾ ಬಂದರಿನಿಂದ ಹಡಗು ಹತ್ತುತ್ತಿತ್ತು. ಹೀಗಾಗಿ ಬಯಲುಸೀಮೆಯಲ್ಲಿ ಬೆಳೆದ ಜವಾರಿ ಹತ್ತಿಗೆ ಪೇಟೆಯಲ್ಲಿ 'ಕುಮಟಾ ಹತ್ತಿ' ಎಂದು ಕಡಲತೀರದ ಹೆಸರು ಬಿತ್ತು. ಇಂಗ್ಲೆಂಡಿನ ಗಿರಣಿಗಳಿಗೆ ಉದ್ದ ಎಳೆಯ ಹತ್ತಿ ಬೇಕಾಗಿತ್ತು. ಅದಕ್ಕಾಗಿ ಕಂಪನಿ ಸರಕಾರದವರು 1840ರ ದಶಕದಲ್ಲಿ ಅಮೆರಿಕದ ಬೀಜ ತರಿಸಿ ಈ ನೆಲದಲ್ಲಿ ಬಿತ್ತಿಸಿದರು. 'ಧಾರವಾಡ-ಅಮೆರಿಕನ್' ಎಂಬ ಹೆಸರು ಹುಟ್ಟಿದ್ದು ಹಾಗೆ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದಾಗ ಅಲ್ಲಿಯ ಹತ್ತಿ ನಿಂತು ಇಲ್ಲಿಯ ಹತ್ತಿಗೆ ಬಂಗಾರದ ಬೆಲೆ ಬಂತು. ಯುದ್ಧ ಮುಗಿದೊಡನೆ ಬೆಲೆ ಇಳಿಯಿತು. ದೂರದ ದೇಶದ ಗದ್ದಲ ತನ್ನ ಹೊಲದ ಬೆಲೆ ನಿರ್ಧರಿಸುತ್ತದೆ ಎಂಬ ಪಾಠವನ್ನು ಈ ಭಾಗದ ರೈತ ಆಗಲೇ ಕಲಿತ.

ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮುಂಬಯಿ ಸರಕಾರದ ಕೃಷಿ ಇಲಾಖೆ ಧಾರವಾಡದಲ್ಲಿ ಪ್ರಯೋಗದ ಹೊಲ ನಡೆಸತೊಡಗಿತು. ಅಲ್ಲಿ ದುಡಿದವರಲ್ಲಿ ನೆನೆಯಬೇಕಾದ ಹೆಸರು ಜಿ. ಎಲ್. ಕೊಟ್ಟೂರ ಅವರದು. ಅವರು ಕುಮಟಾ ಹತ್ತಿಯ ಸುಧಾರಣೆಯನ್ನೇ ವ್ರತವಾಗಿ ಹಿಡಿದರು. ಸಾಲು ಸಾಲು ಗಿಡಗಳ ನಡುವೆ ನಡೆದು ಸಿಡಿ ರೋಗಕ್ಕೆ ಬಗ್ಗದ ಗಿಡ ಯಾವುದು, ಹಿಂಜಿದಾಗ ಹೆಚ್ಚು ಅರಳೆ ಕೊಡುವ ಕಾಯಿ ಯಾವುದು ಎಂದು ವರ್ಷಗಟ್ಟಲೆ ಹುಡುಕುವ ಕೆಲಸ ಅದು. 'ಜಯವಂತ' ಎಂಬ ತಳಿ ಈ ದುಡಿಮೆಯಿಂದ ಬಂತು. ಮುಂದೆ ಬಂದ 'ಜಯಧರ' ತಳಿ ಉತ್ತರ ಕರ್ನಾಟಕದ ಎರೆಹೊಲಗಳಲ್ಲಿ ದಶಕಗಳ ಕಾಲ ನಿಂತಿತು. ಗಮನಿಸಬೇಕಾದುದೆಂದರೆ, ಆಗ ಅಲ್ಲಿ ವಿಶ್ವವಿದ್ಯಾಲಯವಿರಲಿಲ್ಲ. ಹೊಲವಿತ್ತು, ಅದನ್ನು ಓದಬಲ್ಲ ಕೆಲವು ಕಣ್ಣುಗಳಿದ್ದವು.

ಕೃಷಿಯಲ್ಲಿ ಪದವಿ ಬೇಕೆಂದರೆ ಆಗ ಬೆಳಗಾವಿ ಜಿಲ್ಲೆಯ ಹುಡುಗನಿಗೆ ಬಹುಕಾಲ ಪುಣೆಯೇ ಗತಿಯಾಗಿತ್ತು. ಚಿಕ್ಕೋಡಿ, ಅಥಣಿ ಮುಂಬಯಿ ಪ್ರಾಂತದಲ್ಲಿದ್ದರೆ ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿತ್ತು. ಕುಡಚಿಯಲ್ಲೋ ಚಿಕ್ಕೋಡಿ ರೋಡ್‌ನಲ್ಲೋ ರೈಲು ಹತ್ತಿ ಮಿರಜ ಮಾರ್ಗವಾಗಿ ಪುಣೆಗೆ ಹೋಗಿ, ಪರಭಾಷೆಯ ಊರಿನಲ್ಲಿ ಖೋಲಿ ಹಿಡಿದು ಓದುವ ಶಕ್ತಿ ಎಷ್ಟು ಒಕ್ಕಲು ಮನೆಗಳಿಗೆ ಇದ್ದೀತು? ನೇಗಿಲು ಹಿಡಿದವರ ಮಕ್ಕಳಿಗೇ ನೇಗಿಲಿನ ವಿದ್ಯೆ ದೂರವಾಗಿತ್ತು. ಸ್ವಾತಂತ್ರ್ಯ ಬಂದ 1947ರಲ್ಲಿಯೇ ಧಾರವಾಡದಲ್ಲಿ ಕೃಷಿ ಕಾಲೇಜು ತೆರೆದಾಗ ಆ ದೂರ ಸಾಕಷ್ಟು ಕಡಿಮೆಯಾಯಿತು. ಅದೇ ಮಿರಜ-ಲೋಂಡಾ ರೈಲುಹಾದಿಯ ಇನ್ನೊಂದು ದಿಕ್ಕಿಗೆ ಹೊರಟರೆ ಸಾಕಿತ್ತು. 1949ರಲ್ಲಿ ಮುಂಬಯಿಯಲ್ಲಿ ಸ್ಥಾಪನೆಯಾದ ಕರ್ನಾಟಕ ವಿಶ್ವವಿದ್ಯಾಲಯ ಮರುವರ್ಷ ಧಾರವಾಡಕ್ಕೆ ಬಂತು. 1954ರಿಂದ 1967ರವರೆಗೆ ಅದರ ಕುಲಪತಿಯಾಗಿದ್ದು ಅದನ್ನು ಬೆಳೆಸಿದ ಡಿ. ಸಿ. ಪಾವಟೆಯವರು ಬೆಳಗಾವಿ ಜಿಲ್ಲೆಯವರೇ, ಗೋಕಾಕ ತಾಲೂಕಿನ ಮಮದಾಪುರದವರು. ಊರಿನ ಮಗನೊಬ್ಬ ಕೇಂಬ್ರಿಜ್‌ನಲ್ಲಿ ಗಣಿತ ಓದಿ ಬಂದು ಧಾರವಾಡದಲ್ಲಿ ವಿದ್ಯಾಪೀಠ ಕಟ್ಟಿದ್ದು ಆ ತಲೆಮಾರಿನ ಪಾಲಕರಿಗೆ ದೊಡ್ಡ ಧೈರ್ಯ ಕೊಟ್ಟಿರಬೇಕು.

ನೆಲ ಕೊಟ್ಟು ವಿದ್ಯೆ ಪಡೆದ ಬಗೆ

ಹೊಲದಲ್ಲಿಯೇ ವಿಶ್ವವಿದ್ಯಾಲಯ ಕಟ್ಟುವ ಕಲ್ಪನೆ ಎಲ್ಲಿಂದ ಬಂತು? 1862ರಲ್ಲಿ ಅಮೆರಿಕದಲ್ಲಿ ಮಾರಿಲ್ ಕಾಯದೆ ಬಂತು. ಕೃಷಿ ಮತ್ತು ಯಂತ್ರವಿದ್ಯೆ ಕಲಿಸುವ ಕಾಲೇಜುಗಳಿಗಾಗಿ ಪ್ರತಿ ರಾಜ್ಯಕ್ಕೂ ಅಲ್ಲಿಯ ಸಂಸತ್ತಿನಲ್ಲಿ ಅದಕ್ಕಿದ್ದ ಒಬ್ಬೊಬ್ಬ ಸದಸ್ಯನ ಲೆಕ್ಕದಲ್ಲಿ 30,000 ಎಕರೆ ಜಮೀನನ್ನು ಕೇಂದ್ರ ಸರಕಾರ ಕೊಟ್ಟಿತು. ಆ ಜಮೀನನ್ನು ಮಾರಿ ಬಂದ ಹಣದ ಮೇಲೆ ಕಾಲೇಜುಗಳು ನಿಂತವು. ರೈತರ, ಕಾರ್ಮಿಕರ ಮಕ್ಕಳಿಗೆ ಉನ್ನತ ವಿದ್ಯೆಯ ಬಾಗಿಲು ತೆರೆದ ಕಾಯದೆ ಎಂದು ಅದನ್ನು ಹೊಗಳುವುದುಂಟು. ಆದರೆ ಆ ನೆಲ ಬಹುಮಟ್ಟಿಗೆ ಅಲ್ಲಿಯ ಮೂಲನಿವಾಸಿಗಳ ಕೈಯಿಂದ ಕಿತ್ತುಕೊಂಡದ್ದಾಗಿತ್ತು ಎಂಬುದನ್ನೂ ಇಂದಿನ ಇತಿಹಾಸಕಾರರು ಮುಚ್ಚಿಡುವುದಿಲ್ಲ. ಯಾವ ವಿದ್ಯಾಪೀಠವೂ ಗಾಳಿಯಲ್ಲಿ ನಿಲ್ಲುವುದಿಲ್ಲ; ಅದರ ಕೆಳಗೆ ಯಾರದೋ ನೆಲವಿರುತ್ತದೆ.

ನಮ್ಮ ನಾಡಿನ ಮೊದಲ ಹೆಜ್ಜೆ ಮೈಸೂರು ಸಂಸ್ಥಾನದ್ದು. 1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರ ಆಳ್ವಿಕೆಯ ಕಾಲದಲ್ಲಿ ಬೆಂಗಳೂರಿನ ಹೆಬ್ಬಾಳದಲ್ಲಿ 30 ಎಕರೆ ಜಮೀನು ಕೃಷಿ ಪ್ರಯೋಗಕ್ಕೆ ದೊರೆಯಿತು. ರಸಾಯನಶಾಸ್ತ್ರಜ್ಞ ಡಾ. ಲೇಮನ್ ಅಲ್ಲಿ ಕೆಲಸ ಆರಂಭಿಸಿದರು. ಆ ಪ್ರಯೋಗದ ಹೊಲದ ಬಳಿ 1913ರಲ್ಲಿ ಶಾಲೆ ಬಂತು, 1946ರಲ್ಲಿ ಕಾಲೇಜಾಯಿತು. ದೇಶ ಆಹಾರಕ್ಕಾಗಿ ವಿದೇಶಿ ಗೋದಿಯ ಹಡಗು ಕಾಯುತ್ತಿದ್ದ ದಿನಗಳಲ್ಲಿ, ಅಮೆರಿಕದ ಟೆನೆಸಿ ವಿಶ್ವವಿದ್ಯಾಲಯದ ಸಹಕಾರದೊಂದಿಗೆ ಕೃಷಿ ವಿಶ್ವವಿದ್ಯಾಲಯ ರೂಪುಗೊಂಡಿತು. 1964ರ ಆಗಸ್ಟ್ 21ರಂದು ಅಂದಿನ ಉಪರಾಷ್ಟ್ರಪತಿ ಡಾ. ಜಾಕಿರ್ ಹುಸೇನರು ಅದನ್ನು ಉದ್ಘಾಟಿಸಿದರು. ಧಾರವಾಡದ ಕಾಲೇಜೂ ಅದರ ತೆಕ್ಕೆಗೆ ಸೇರಿತು.

ಆದರೆ ಅಥಣಿಯ ಎರೆಭೂಮಿಯ ಕಷ್ಟ ಬೆಂಗಳೂರಿನ ಕೆಂಪು ಮಣ್ಣಿಗೆ ಹೇಗೆ ತಿಳಿಯಬೇಕು? ಜೋಳ, ಹತ್ತಿ, ಕಡಲೆ, ಗೋದಿಯ ಸೀಮೆಗೆ ತನ್ನದೇ ವಿದ್ಯಾಪೀಠ ಬೇಕೆಂಬ ಒತ್ತಾಯ ಕೊನೆಗೂ ಫಲಿಸಿತು. 1986ರ ಅಕ್ಟೋಬರ್ 1ರಂದು ಧಾರವಾಡದಲ್ಲಿ ಪ್ರತ್ಯೇಕ ಕೃಷಿ ವಿಶ್ವವಿದ್ಯಾಲಯ ಅಸ್ತಿತ್ವಕ್ಕೆ ಬಂತು. ರಾಯಚೂರಿನಲ್ಲಿ ಇನ್ನೊಂದು ಕೃಷಿ ವಿಶ್ವವಿದ್ಯಾಲಯ, ಬಾಗಲಕೋಟೆಯಲ್ಲಿ ತೋಟಗಾರಿಕಾ ವಿಶ್ವವಿದ್ಯಾಲಯ ಆದ ಮೇಲೆ ಧಾರವಾಡದ ವ್ಯಾಪ್ತಿ ಕಿರಿದಾಯಿತು. ಆದರೂ ಬೆಳಗಾವಿ ಜಿಲ್ಲೆ ಇಂದಿಗೂ ಅದರ ಮಡಿಲಲ್ಲಿದೆ.

ಖಾಲಿಯಲ್ಲದ ಜಾಗ

ಹೆದ್ದಾರಿಯ ಬಸ್ಸಿನ ಕಿಟಕಿಯಿಂದ ನೋಡುವವರಿಗೆ ಇಂಥ ವಿಶ್ವವಿದ್ಯಾಲಯದ ಆವರಣ 'ಇಷ್ಟೊಂದು ಜಾಗ ಖಾಲಿ ಬಿದ್ದೈತಲ್ಲ' ಎನಿಸಬಹುದು. ಪಟ್ಟಣ ಬೆಳೆದಂತೆಲ್ಲ ಈ ನೋಟ ಹೆಚ್ಚು ಅಪಾಯಕಾರಿಯಾಗುತ್ತದೆ. ಆದರೆ ಅಲ್ಲಿ ಖಾಲಿ ಎನ್ನುವುದು ಯಾವುದೂ ಇಲ್ಲ. ಹೊಲವನ್ನು ಸಣ್ಣ ಸಣ್ಣ ತಾಕುಗಳಾಗಿ ಒಡೆದಿರುತ್ತಾರೆ. ಒಂದೇ ತಳಿಯನ್ನು ಒಂದೇ ಕಡೆ ಬಿತ್ತದೆ ಮೂರು-ನಾಲ್ಕು ಕಡೆ, ಅದೂ ಚೀಟಿ ಎತ್ತಿದಂತೆ ಮನಬಂದ ಸ್ಥಳಗಳಲ್ಲಿ ಬಿತ್ತುತ್ತಾರೆ. ಏಕೆಂದರೆ ಹೊಲದ ಒಂದು ಮೂಲೆ ಫಲವತ್ತಾಗಿದ್ದು ಇನ್ನೊಂದು ಮೂಲೆ ಬರಡಾಗಿದ್ದರೆ, ಬೆಳೆ ಚೆನ್ನಾಗಿ ಬಂದದ್ದು ಬೀಜದ ಗುಣದಿಂದಲೋ ಮಣ್ಣಿನ ಗುಣದಿಂದಲೋ ತಿಳಿಯುವುದಿಲ್ಲ. ಈ ಜಾಣ ಲೆಕ್ಕವನ್ನು ಶಾಸ್ತ್ರವಾಗಿ ಬೆಳೆಸಿದವರು ಇಂಗ್ಲೆಂಡಿನ ರೋಥಾಮ್‌ಸ್ಟೆಡ್ ಕೇಂದ್ರದಲ್ಲಿ ಕೆಲಸ ಮಾಡಿದ ಆರ್. ಎ. ಫಿಶರ್. ಅದೇ ರೋಥಾಮ್‌ಸ್ಟೆಡ್‌ನ ಒಂದು ಹೊಲದಲ್ಲಿ 1843ರಿಂದ ಗೋದಿಯ ಪ್ರಯೋಗ ನಡೆದೇ ಇದೆ. ಅಷ್ಟು ವರ್ಷಗಳ ಮಣ್ಣಿನ ದಾಖಲೆ ಆ ಹೊಲಕ್ಕೇ ಅಂಟಿಕೊಂಡಿದೆ. ಕಟ್ಟಡವನ್ನು ಇನ್ನೊಂದು ಕಡೆ ಕಟ್ಟಬಹುದು. ದಶಕಗಳ ಲೆಕ್ಕವುಳ್ಳ ಹೊಲವನ್ನು ಎತ್ತಿ ಇನ್ನೊಂದು ಕಡೆ ಇಡಲು ಬಾರದು. ಗ್ರಂಥಾಲಯಕ್ಕೆ ಬೆಂಕಿ ಬಿದ್ದರೆ ಎಲ್ಲರೂ ಮರುಗುತ್ತಾರೆ. ಪ್ರಯೋಗದ ತಾಕಿನ ಮೇಲೆ ಕಾಂಕ್ರೀಟು ಬಿದ್ದರೂ ಆಗುವ ನಷ್ಟ ಅಂಥದೇ.

ಧಾರವಾಡದ ಹೊಲ ಜಗತ್ತಿಗೆ ಏನು ಕೊಟ್ಟಿತೆಂಬುದಕ್ಕೆ ಒಂದು ಉದಾಹರಣೆ ಸಾಕು. 1972ರಲ್ಲಿ ಡಾ. ಬಿ. ಎಚ್. ಕಟರಕಿಯವರು 'ವರಲಕ್ಷ್ಮಿ' ಎಂಬ ಹೈಬ್ರಿಡ್ ಹತ್ತಿಯನ್ನು ಹೊರತಂದರು. ಎರಡು ಬೇರೆ ಬೇರೆ ಜಾತಿಯ ಹತ್ತಿಗಳನ್ನು ಕೂಡಿಸಿ, ರೈತರ ಹೊಲದಲ್ಲಿ ವ್ಯಾಪಾರಕ್ಕಾಗಿ ಬೆಳೆಯಬಹುದಾದ ತಳಿಯನ್ನು ಮೊತ್ತಮೊದಲು ಪಡೆದದ್ದು ಅಲ್ಲಿಯೇ. ಅದರ ಕೆಲಸ ಕೇಳಲು ಸರಳ, ಮಾಡಲು ಕಷ್ಟ. ನಾಳೆ ಅರಳಲಿರುವ ಮೊಗ್ಗನ್ನು ಇಂದು ಸಂಜೆಯೇ ಬಿಡಿಸಿ, ಅದರೊಳಗಿನ ಗಂಡು ಕೇಸರಗಳನ್ನು ಉಗುರಿನಿಂದ ತೆಗೆಯಬೇಕು. ಮರುದಿನ ಬೆಳಿಗ್ಗೆ ಇನ್ನೊಂದು ಜಾತಿಯ ಹೂವಿನ ಪರಾಗವನ್ನು ತಂದು ಅದಕ್ಕೆ ಸವರಬೇಕು. ಹೂವಿಗೊಂದರಂತೆ, ಸಾವಿರಾರು ಸಲ. ಬೀಜೋತ್ಪಾದನೆಯ ಈ ನಾಜೂಕು ಕೆಲಸಕ್ಕೆ ಹಳ್ಳಿಯ ಹೆಣ್ಣುಮಕ್ಕಳ ಕೈಗಳೇ ಒದಗಿದವು. 1981ರಲ್ಲಿ ಬಂದ 'ಡಿ.ಸಿ.ಎಚ್. 32' ಅಥವಾ 'ಜಯಲಕ್ಷ್ಮಿ'ಯೂ ಇದೇ ಹಾದಿಯದು. ನೀಳ ಎಳೆಯ ಹತ್ತಿಗಾಗಿ ಹೊರದೇಶದ ಕಡೆ ನೋಡುತ್ತಿದ್ದ ಗಿರಣಿಗಳಿಗೆ ಇವು ಆಸರೆಯಾದವು. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ. ಹೈಬ್ರಿಡ್ ಬೀಜವನ್ನು ಮನೆಯಲ್ಲಿ ಕಟ್ಟಿಡಲು ಬಾರದು, ವರ್ಷ ವರ್ಷ ಕೊಳ್ಳಬೇಕು. ಇಳುವರಿಯ ಜೊತೆಗೇ ಅಂಗಡಿಯ ಉದ್ದರಿಯೂ ಬೆಳೆಯಿತು. ವಿದ್ಯೆ ಒಂದು ಗಂಟು ಬಿಚ್ಚಿದಾಗ ಇನ್ನೊಂದು ಗಂಟು ಬೀಳುವುದುಂಟು. ಅದನ್ನು ಬಿಚ್ಚಲು ಮತ್ತೆ ವಿದ್ಯೆಯೇ ಬೇಕು.

ಐದು ತಾಲೂಕುಗಳ ಮಣ್ಣು

ವಿಶ್ವವಿದ್ಯಾಲಯದ ಹೊಲ ಧಾರವಾಡದ ಬೇಲಿಯೊಳಗೇ ಮುಗಿಯುವುದಿಲ್ಲ. ನಿಪ್ಪಾಣಿಯಲ್ಲಿ ಬೀಡಿ ತಂಬಾಕಿನ ಸಂಶೋಧನೆಗೆಂದೇ ಅದರ ಕೇಂದ್ರವಿದೆ. ಹತ್ತಿರದ ಸಂಕೇಶ್ವರದಲ್ಲಿ ಕಬ್ಬಿನ ಕೇಂದ್ರವಿದೆ. ಕಾಗವಾಡ ತಾಲೂಕಿನ ಉಗಾರ ಖುರ್ದ ಎಂದೊಡನೆ ಜನಕ್ಕೆ ಸಕ್ಕರೆ ಕಾರಖಾನೆ ನೆನಪಾಗುತ್ತದೆ. ಕೃಷಿ ವಿಜ್ಞಾನಿಗಳಿಗೆ ಆ ಊರು ಇನ್ನೊಂದು ಕಾರಣಕ್ಕೆ ಗೊತ್ತು. ಸೋಯಾಬೀನ್ ಬೆಳೆಯ ಎಲೆಗಳನ್ನು ಸುಟ್ಟಂತೆ ಉದುರಿಸುವ ತುಕ್ಕು ರೋಗ ಅಲ್ಲಿ ವಿಪರೀತ. ಆದ್ದರಿಂದಲೇ ರೋಗ ತಾಳುವ ತಳಿ ಯಾವುದೆಂದು ಪರೀಕ್ಷಿಸಲು ಉಗಾರ ಖುರ್ದದ ಹೊಲಗಳು ಒರೆಗಲ್ಲಾದವು. ಮಧ್ಯಪ್ರದೇಶದಿಂದ ಬಂದು ಎಲ್ಲೆಡೆ ಹಬ್ಬಿದ್ದ 'ಜೆ.ಎಸ್. 335' ತಳಿ ತುಕ್ಕಿಗೆ ಬೇಗ ಬಲಿಯಾಗುತ್ತಿತ್ತು. ಧಾರವಾಡದವರ 'ಡಿ.ಎಸ್.ಬಿ. 21' ಆ ರೋಗವನ್ನು ಎದುರಿಸಿ ನಿಂತಿತು. ರೋಗ ಹೆಚ್ಚಿರುವ ನೆಲವೇ ಪಾಠಶಾಲೆಯಾಯಿತು ಎಂದರೆ ತಪ್ಪಾಗಲಾರದು.

ಬೆಳೆಯುವ ವಿದ್ಯೆಯೊಂದರಿಂದಲೇ ಬದುಕು ಹಸನಾಗುವುದಿಲ್ಲ ಎಂಬುದನ್ನೂ ಈ ಭಾಗವೇ ತೋರಿಸಿಕೊಟ್ಟಿದೆ. 1981ರಲ್ಲಿ ತಂಬಾಕಿಗೆ ನ್ಯಾಯವಾದ ಬೆಲೆ ಕೇಳಿ ನಿಪ್ಪಾಣಿಯ ರೈತರು ಇದೇ ಪುಣೆ-ಬೆಂಗಳೂರು ಹೆದ್ದಾರಿಯ ಮೇಲೆ ಕುಳಿತರು. ಏಪ್ರಿಲ್ ತಿಂಗಳಲ್ಲಿ ನಡೆದ ಗೋಳೀಬಾರಿನಲ್ಲಿ ರೈತರು ಪ್ರಾಣ ತೆತ್ತರು. ಎಲೆ ಹೇಗೆ ಬಲಿಯಬೇಕು, ಕುಡಿ ಯಾವಾಗ ಚಿವುಟಬೇಕು ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಬೆಲೆ ಯಾರು ಕಟ್ಟುತ್ತಾರೆ, ಹೇಗೆ ಕಟ್ಟುತ್ತಾರೆ ಎಂಬುದು ಅವರ ಕೈಯಲ್ಲಿರಲಿಲ್ಲ. ಕೃಷಿ ಓದುವ ವಿದ್ಯಾರ್ಥಿ ಮಣ್ಣು, ಬೀಜಗಳಷ್ಟೇ ಶ್ರದ್ಧೆಯಿಂದ ಮಾರುಕಟ್ಟೆಯನ್ನೂ ಓದಬೇಕೆನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಇಂದು ಇವೆಲ್ಲಕ್ಕಿಂತ ದೊಡ್ಡದಾಗಿ ಎದುರು ನಿಂತ ಪ್ರಶ್ನೆ ಸವಳು-ಜವಳಿನದು. ಕೃಷ್ಣೆಯ ದಂಡೆಯ ಅಥಣಿ, ಕಾಗವಾಡ, ರಾಯಬಾಗ ತಾಲೂಕುಗಳಲ್ಲಿ ಒಂದು ಕಾಲಕ್ಕೆ ಬಂಗಾರ ಬೆಳೆದ ಎರೆಹೊಲಗಳು ಇಂದು ಬೆಳ್ಳಗೆ ಉಪ್ಪು ಕಟ್ಟಿಕೊಂಡು ಮಲಗಿರುವುದನ್ನು ಕಾಣಬಹುದು. ಕಾರಣ ಗುಟ್ಟಿನದೇನಲ್ಲ. ಕಬ್ಬಿಗೆ ವರ್ಷವಿಡೀ ನೀರು ಹಾಯಿಸಿದ್ದಾಯಿತು. ಎರೆಮಣ್ಣಿನಲ್ಲಿ ನೀರು ಸಲೀಸಾಗಿ ಬಸಿದು ಹೋಗುವುದಿಲ್ಲ. ಒಳಗಿನ ನೀರಿನ ಮಟ್ಟ ಮೇಲೇರಿತು. ತನ್ನ ಜೊತೆ ಮಣ್ಣಿನ ಉಪ್ಪನ್ನೂ ಮೇಲಕ್ಕೆ ತಂದಿತು. ಬಿಸಿಲಿಗೆ ನೀರು ಆರಿಹೋಯಿತು, ಉಪ್ಪು ಉಳಿಯಿತು. ನೀರಿಲ್ಲದೆ ಹೊಲ ಸಾಯುವುದನ್ನು ಕಂಡವರು ಹಿರಿಯರು. ನೀರು ಹೆಚ್ಚಾಗಿ ಹೊಲ ಸಾಯುವುದನ್ನು ಕಾಣುತ್ತಿರುವವರು ಅವರ ಮೊಮ್ಮಕ್ಕಳು.

ಇದಕ್ಕೆ ಮದ್ದು ಇಲ್ಲವೆಂದಲ್ಲ. ನೆಲದೊಳಗೆ ತೂತಿನ ಕೊಳವೆ ಹೂಳಿ ಹೆಚ್ಚಿನ ನೀರನ್ನು ಬಸಿದು ಹಳ್ಳಕ್ಕೆ ಬಿಡಬೇಕು. ಮಣ್ಣು ಪರೀಕ್ಷೆ ಮಾಡಿಸಿ, ಕ್ಷಾರದ ನೆಲವಾಗಿದ್ದರೆ ಜಿಪ್ಸಂ ಹಾಕಬೇಕು, ಹಸಿರೆಲೆ ಗೊಬ್ಬರ ಬೆಳೆದು ಮುಗ್ಗಿಸಬೇಕು. ಕಬ್ಬಿಗೆ ಹನಿ ನೀರಾವರಿ ಹಿಡಿಯಬೇಕು. ಆದರೆ ಒಬ್ಬನ ಹೊಲದ ನೀರು ಬಸಿದರೆ ಅದು ಪಕ್ಕದವನ ಬದುವಿಗೆ ಹೋಗುತ್ತದೆ. ಆದ್ದರಿಂದ ಇಡೀ ಊರೇ ಒಪ್ಪಿ ನಿಲ್ಲಬೇಕಾದ ಕೆಲಸವಿದು. ಪುಸ್ತಕ ಓದಿದವನು ಊರಿನವನಲ್ಲದಿದ್ದರೆ ಅವನ ಮಾತು ಊರಿಗೆ ಹಿಡಿಸುವುದಿಲ್ಲ. ಊರಿನವನು ಪುಸ್ತಕ ಓದಿರದಿದ್ದರೆ ಹೇಳಲು ಮಾತೇ ಇರುವುದಿಲ್ಲ. ಎರಡೂ ಕೂಡಿದ ಮನುಷ್ಯ ಬೇಕಾಗಿದ್ದಾನೆ, ಬೇಕಾಗಿದ್ದಾಳೆ.

ಪಾಲಕರಿಗೊಂದು ಮಾತು

ಹಾಗಾದರೆ ಓದಿದವರೆಲ್ಲ ಹೊಲಕ್ಕೆ ಮರಳುತ್ತಿದ್ದಾರೆಯೇ? ಇಲ್ಲವೆನ್ನಬೇಕು. ಕೃಷಿ ಪದವಿ ಪಡೆದವರಲ್ಲಿ ಬಹಳ ಮಂದಿ ಬ್ಯಾಂಕಿಗೆ, ಸರಕಾರಿ ಹುದ್ದೆಗೆ, ಬೀಜ-ಗೊಬ್ಬರದ ಕಂಪನಿಗಳಿಗೆ ಹೋಗುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಒಕ್ಕಲು ಮನೆಗೆ ತಿಂಗಳ ಪಗಾರ ಬರುವುದು ಸಣ್ಣ ಮಾತಲ್ಲ. ಮಣ್ಣಿನ ನೋವು ಬಲ್ಲ ಬ್ಯಾಂಕ್ ಅಧಿಕಾರಿ, ಬಲ್ಲದವನಿಗಿಂತ ಒಳ್ಳೆಯವನೇ ಆದಾನು. ಆದರೆ ಒಂದು ಸಂಗತಿಯನ್ನು ವಿದ್ಯಾರ್ಥಿಗಳೂ ಪಾಲಕರೂ ಗಮನಿಸಬೇಕು. ಕೃಷಿ ಪದವಿಯ ಪ್ರವೇಶದಲ್ಲಿ ರೈತರ ಮಕ್ಕಳಿಗಾಗಿ ಸೀಟುಗಳ ಒಂದು ಪಾಲು ಮೀಸಲಾಗಿದೆ. ಅದಕ್ಕೆ ಪ್ರಾಯೋಗಿಕ ಪರೀಕ್ಷೆಯೂ ಇದೆ. ಬೀಜ ನೋಡಿ ಬೆಳೆ ಹೇಳುವುದು, ಒಕ್ಕಲುತನದ ಸಾಮಾನು ಗುರುತಿಸುವುದು ಇಂಥವೇ ಅಲ್ಲಿಯ ಪ್ರಶ್ನೆಗಳು. ಕೂರಿಗೆ ಯಾವುದು, ಕುಂಟೆ ಯಾವುದು ಎಂದು ಬಲ್ಲ ಮಗುವಿಗೆ ಅದು ಆಟ. 'ಮಣ್ಣಾಗ ಕೈ ಹಾಕಬ್ಯಾಡ' ಎಂದು ಬೆಳೆಸಿದ ಮಗುವಿಗೆ ಅದೇ ಕಗ್ಗಂಟು. ಯಾವುದನ್ನು ಹಿಂದುಳಿದದ್ದೆಂದು ಮನೆಯಲ್ಲಿ ಮರೆಸಲು ನೋಡಿದರೋ ಅದಕ್ಕೇ ಅಲ್ಲಿ ಅಂಕ ಸಿಗುತ್ತದೆ!

ಪದವಿಯ ಕೊನೆಯ ವರ್ಷದಲ್ಲಿ ವಿದ್ಯಾರ್ಥಿಗಳು ಹಳ್ಳಿಗಳಲ್ಲಿ ಉಳಿದು ರೈತರೊಡನೆ ಕೆಲಸ ಮಾಡುವ ಕಾರ್ಯಕ್ರಮವೂ ಇದೆ. ಊರಿಗೆ ಅಂಥ ಹುಡುಗ-ಹುಡುಗಿಯರು ಬಂದಾಗ ಅವರನ್ನು ನೆಂಟರಂತೆ ಚಹಾ ಕುಡಿಸಿ ಕಳಿಸಿದರೆ ಸಾಲದು. ಹೊಲಕ್ಕೆ ಕರೆದೊಯ್ದು ಉಪ್ಪು ಕಟ್ಟಿದ ಮೂಲೆ ತೋರಿಸಬೇಕು, ಪ್ರಶ್ನೆ ಕೇಳಬೇಕು. ವರ್ಷಕ್ಕೊಮ್ಮೆ ಧಾರವಾಡದಲ್ಲಿ ಕೃಷಿಮೇಳ ನಡೆಯುತ್ತದೆ. ಸುತ್ತಲಿನ ಜಿಲ್ಲೆಗಳ ರೈತರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಆ ಸಲ ಹೋಗುವಾಗ ಮಕ್ಕಳನ್ನೂ ಕರೆದುಕೊಂಡು ಹೋಗುವುದು ಒಳಿತು. ಹೊಲವನ್ನು ಬಿಟ್ಟು ಓಡಬೇಕಾದ ಜಾಗವೆಂದು ಮಾತ್ರ ಕೇಳಿ ಬೆಳೆದ ಮಗು, ಅದೇ ಎರೆಮಣ್ಣಿನ ಮುಂದೆ ನಿಂತು ವಿಜ್ಞಾನಿಯೊಬ್ಬರು ಲೆಕ್ಕ ಬರೆದುಕೊಳ್ಳುವುದನ್ನು ಒಮ್ಮೆ ನೋಡಲಿ. ಮುಂದೆ ಅದು ವೈದ್ಯನಾಗಲಿ, ಇಂಜಿನಿಯರಾಗಲಿ, ಒಕ್ಕಲುತನವನ್ನೇ ಮಾಡಲಿ. ಅಪ್ಪನ ದುಡಿಮೆ ಓದಿಲ್ಲದವರ ಗತಿಯಲ್ಲ, ಓದಿ ಮುಗಿಯದ ವಿದ್ಯೆ ಎಂಬುದು ಅದರ ಮನಸ್ಸಿನಲ್ಲಿ ಉಳಿದೀತು.

ಪ್ರತಿ ವಿಶ್ವವಿದ್ಯಾಲಯವೂ ತನ್ನ ಕೆಳಗಿನ ನೆಲಕ್ಕೆ ಸಾಲಗಾರ. ಕಟ್ಟಡ ಕಟ್ಟಿ, ಪದವಿ ಹಂಚಿ ಆ ಸಾಲ ತೀರುವುದಿಲ್ಲ. ಕೃಷ್ಣೆಯ ದಂಡೆಯ ಒಂದು ಸವಳು ಹೊಲದಲ್ಲಿ ಮತ್ತೆ ಜೋಳದ ಸಾಲು ಎದ್ದ ದಿನ, ಅಂದು ಆ ಸಾಲದ ಒಂದು ಕಂತು ಸಂದಾಯವಾಗುತ್ತದೆ.